ಮಹಾನವಮಿ ದಿಬ್ಬ 'ಹಂಪಿಯ ಕೊಲೋಸಿಯಂ' ಹೌದಾ? ಫಾರ್ವರ್ಡ್ ಒತ್ತುವ ಮುನ್ನ ಇದನ್ನು ಓದಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ವಾಟ್ಸ್‌ಆ್ಯಪ್ ಗ್ರೂಪ್‌ಗಳಿಂದ ನಮಗೆ ಬಂದ ಮೆಸೇಜ್ ಇದು: "ರೋಮ್‌ಗೆ ಕೊಲೋಸಿಯಂ ಇದ್ದರೆ ನಮ್ಮ ಜಿಲ್ಲೆಗೆ ಮಹಾನವಮಿ ದಿಬ್ಬ ಇದೆ. 1513ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ್ದು. ಹೆಮ್ಮೆಯಿಂದ ಶೇರ್ ಮಾಡಿ." ಜೊತೆಗೊಂದು ಫೋಟೊ, ಅದರಲ್ಲಿ ಸಾಲು ಸಾಲು ಕಮಾನುಗಳ ದುಂಡನೆಯ ಕಟ್ಟಡ.

ಫೋಟೊದ ಮಾತು ಮೊದಲು ಮುಗಿಸೋಣ. ಅದು ಹಂಪಿಯದಲ್ಲ. ದಿಬ್ಬದಲ್ಲಿ ಒಂದೂ ಕಮಾನಿಲ್ಲ, ಅದು ದುಂಡಗೂ ಇಲ್ಲ. ಹಂಪಿಯಲ್ಲಿ ಕಮಾನು ಬೇಕೆಂದರೆ ಕಮಲ ಮಹಲ್, ಆನೆ ಲಾಯ ನೋಡಬೇಕು. ಅವೂ ರೋಮ್‌ನಿಂದ ಬಂದವಲ್ಲ, ಸುಲ್ತಾನರ ಕಾಲದ ಶೈಲಿಯ ಪ್ರಭಾವದವು.

ಇನ್ನು ಹೋಲಿಕೆ. ಕೊಲೋಸಿಯಂ ಒಂದು ಆ್ಯಂಫಿಥಿಯೇಟರ್, ಅಂದರೆ ಸುತ್ತಲೂ ಕೂತು ನಡುವಿನ ಆಟ ನೋಡುವ ಜಾಗ. ಜಾತ್ರೆಯ ಕುಸ್ತಿ ಕಣವನ್ನು ಕಲ್ಲಿನಲ್ಲಿ ಕಟ್ಟಿ, ಕೂರುವವರನ್ನು ನಾಲ್ಕು ಅಂತಸ್ತು ಮೇಲಕ್ಕೆ ಏರಿಸಿದಂತೆ. ಚಕ್ರವರ್ತಿ ವೆಸ್ಪಾಸಿಯನ್ ಕೆಲಸ ಶುರು ಮಾಡಿಸಿದ. ಕ್ರಿ.ಶ. 80ರಲ್ಲಿ ಅವನ ಮಗ ಟೈಟಸ್ ಉದ್ಘಾಟಿಸಿದ. ಉದ್ದ ಸುಮಾರು 188 ಮೀಟರ್, ಅಗಲ 156, ಎತ್ತರ 48ರ ಆಸುಪಾಸು. ನೆಲಮಟ್ಟದಲ್ಲಿ 80 ಕಮಾನುಗಳಿರುವುದರಿಂದ ಸಾವಿರಾರು ಜನ ನೂಕುನುಗ್ಗಲಿಲ್ಲದೆ ಒಳಗೆ ಹೋಗಿ ಬರಬಹುದಿತ್ತು. ಯಾರು ಎಲ್ಲಿ ಕೂರಬೇಕು ಎನ್ನುವುದು ಅಂತಸ್ತಿನ ಪ್ರಕಾರ: ಗಣ್ಯರು ಕಣದ ಹತ್ತಿರ, ಬಡವರೂ ಹೆಂಗಸರೂ ತುತ್ತತುದಿಯಲ್ಲಿ. ಕಣದ ಅಡಿಯ ನೆಲಮಾಳಿಗೆಯಲ್ಲಿ ಪ್ರಾಣಿಗಳನ್ನು ಕೂಡಿಹಾಕಿ, ರಾಟೆ ಹಗ್ಗಗಳಿಂದ ಮೇಲಕ್ಕೆತ್ತುತ್ತಿದ್ದರು.

ಮಹಾನವಮಿ ದಿಬ್ಬ ಇದಕ್ಕೆ ಪೂರ್ತಿ ತಿರುವುಮುರುವು. ಒಂದರ ಮೇಲೊಂದು ಮೂರು ಹಂತಗಳ ಕಲ್ಲಿನ ಚೌಕ ಜಗಲಿ, ಎತ್ತರ ಸುಮಾರು 8 ಮೀಟರ್. ರೋಮ್‌ನಲ್ಲಿ ಜನ ಮೇಲೆ, ಆಟ ಕೆಳಗೆ. ಇಲ್ಲಿ ರಾಜ ಮೇಲೆ, ಜನ ಕೆಳಗೆ. ನವರಾತ್ರಿಯಲ್ಲಿ ಕುಸ್ತಿ, ಕುಣಿತ, ಆನೆ ಕುದುರೆಗಳ ಮೆರವಣಿಗೆ ಎಲ್ಲವೂ ಮುಂದಿನ ಬಯಲಿನಲ್ಲಿ ನಡೆಯುತ್ತಿದ್ದವು. ಅದನ್ನೆಲ್ಲ ರಾಜ ನೋಡಬೇಕು, ನೋಡುತ್ತಿರುವ ರಾಜನನ್ನು ಜನ ನೋಡಬೇಕು.

ಈ ಲೆಕ್ಕ ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರ್ಣಿಕದ ದಿನ ಡೆಂಕನಮರಡಿಗೆ ಹೋದವರು ನೋಡಿರುತ್ತೀರಿ. ಕುರ್ಚಿಯಿಲ್ಲ, ಗ್ಯಾಲರಿಯಿಲ್ಲ. ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಎಂದರೆ ಅಷ್ಟು ದೊಡ್ಡ ಜನಸಾಗರ ತೆಪ್ಪಗಾಗುತ್ತದೆ. ನೋಡಬೇಕಾದವರನ್ನೇ ಎತ್ತರಕ್ಕೇರಿಸಿದರೆ ಜನ ಬಯಲಲ್ಲಿ ನಿಂತೇ ನೋಡಬಹುದು. ದಿಬ್ಬವೂ ಅಷ್ಟೇ.

ಹಾಗಿದ್ದರೆ ಹಂಪಿಯಲ್ಲಿ ಪ್ರೇಕ್ಷಕರಿಗೆ ಕಟ್ಟಡವೇ ಇರಲಿಲ್ಲವೇ? ಇತ್ತು, ಆದರೆ ಉಳಿಯುವಂಥದ್ದಲ್ಲ. 1443ರಲ್ಲಿ, ಎರಡನೇ ದೇವರಾಯನ ಕಾಲದಲ್ಲಿ, ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಈ ಹಬ್ಬ ನೋಡಿದ. ಬಯಲಿನಲ್ಲಿ ಮೂರು, ನಾಲ್ಕು, ಐದು ಅಂತಸ್ತಿನ ಅಲಂಕೃತ ಮಂಟಪಗಳಿದ್ದವು, ಕೆಲವು ತಿರುಗುತ್ತಲೂ ಇದ್ದವು ಎಂದು ಬರೆದಿಟ್ಟಿದ್ದಾನೆ. ಇವತ್ತು ಅವುಗಳ ಕುರುಹಿಲ್ಲ. ದಿಬ್ಬದ ಮೇಲಿದ್ದ ಮಂಟಪವೂ ಹೋಗಿದೆ, ಕಂಬ ನಿಂತಿದ್ದ ಗುರುತುಗಳಷ್ಟೇ ಉಳಿದಿವೆ. ನಾವು ಈಗ ನೋಡುವುದು ಹಬ್ಬದ ಬುನಾದಿಯನ್ನು ಮಾತ್ರ.

ಇನ್ನು 1513ರ ಕಥೆ. ಇದು ಪೂರ್ತಿ ಸುಳ್ಳಲ್ಲ, ಅದಕ್ಕೇ ಇಷ್ಟು ಓಡುತ್ತದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಒಡಿಶಾ ಯುದ್ಧದಿಂದ ಮರಳಿದ ರಾಜ ಕಟ್ಟಿಸಿದ 'ವಿಜಯದ ಮನೆ'ಯ ಬಗ್ಗೆ ಬರೆದ. ಅದನ್ನೇ ಈ ದಿಬ್ಬವೆಂದು ಗುರುತಿಸಿದ್ದರಿಂದ ಇಡೀ ಕಟ್ಟಡ ಕೃಷ್ಣದೇವರಾಯನ ಹೆಸರಿಗೆ ಬಿತ್ತು. ಆದರೆ ಹಬ್ಬ ಅದಕ್ಕೂ 70 ವರ್ಷ ಮೊದಲೇ ನಡೆಯುತ್ತಿತ್ತೆಂದು ರಜಾಕ್‌ನ ಬರಹವೇ ಹೇಳುತ್ತದೆ. ಕಲ್ಲೂ ಅದನ್ನೇ ಹೇಳುತ್ತದೆ. ಗ್ರಾನೈಟ್‌ನ ಕೆಳ ಹಂತಗಳಲ್ಲಿ ಬೇಟೆ, ಕುದುರೆ ವ್ಯಾಪಾರಿಗಳು, ಕೋಲಾಟ, ಕುಸ್ತಿಯ ಹಳೆಯ ಕೆತ್ತನೆಗಳಿವೆ. ಪಶ್ಚಿಮದ ಕಡೆ ಮಾತ್ರ ನಂತರದವರು ಬೇರೆ ಬಣ್ಣದ, ನುಣುಪಾದ ಕಲ್ಲಿನ ಹೊದಿಕೆ ಹಾಕಿದ್ದಾರೆ. ಅಂದರೆ ಒಬ್ಬ ರಾಜ ಒಂದೇ ಸಲಕ್ಕೆ ಕಟ್ಟಿಸಿದ್ದಲ್ಲ, ಹಲವರ ಕಾಲದಲ್ಲಿ ಬೆಳೆದದ್ದು. ಕೃಷ್ಣದೇವರಾಯನ ಹೆಸರೊಂದನ್ನೇ ಬರೆದರೆ ಅವನಿಗಿಂತ ಮುಂಚಿನ ಶಿಲ್ಪಿಗಳ ಕೆಲಸ ಲೆಕ್ಕಕ್ಕೇ ಸಿಗದೆ ಹೋಗುತ್ತದೆ.

ಮುಂದಿನ ಸಲ ಹಂಪಿಗೆ ಹೋದಾಗ ಸೀದಾ ಮೇಲೆ ಹತ್ತಿ ಸೆಲ್ಫಿ ತೆಗೆಯುವ ಮೊದಲು ದಿಬ್ಬವನ್ನು ಒಂದು ಸುತ್ತು ಹಾಕಿ. ಪಶ್ಚಿಮದ ಬದಿಗೆ ಬಂದಾಗ ಕಲ್ಲು ಬದಲಾಗುವುದು ಬರಿಗಣ್ಣಿಗೇ ಕಾಣುತ್ತದೆ. ಗ್ರೂಪ್‌ಗೆ ಕಳಿಸುವುದಿದ್ದರೆ ಆ ಫೋಟೊ ಕಳಿಸಿ.