ತಾರಸಿಯೊಳಗಿನ ಸರಳಿಗೆ ತುಕ್ಕು ಹಿಡಿದರೆ

ಇಪ್ಪತ್ತೈದು, ಮೂವತ್ತು ವರ್ಷ ಹಳೆಯ ಮನೆಯ ಸಜ್ಜಾದ ಅಡಿಭಾಗವನ್ನು ಒಮ್ಮೆ ತಲೆಯೆತ್ತಿ ನೋಡಿ. ಉದ್ದಕ್ಕೂ ಗೆರೆ ಎಳೆದಂಥ ಬಿರುಕು, ಅದರ ಪಕ್ಕದಲ್ಲೇ ಕಂದು ಕಲೆ ಕಂಡರೆ ಒಳಗಿನ ಕಬ್ಬಿಣದ ಸರಳು ಎಲ್ಲಿ ಹಾದುಹೋಗಿದೆಯೆಂದು ಹೇಳಲು ಎಂಜಿನಿಯರೇ ಬೇಕಿಲ್ಲ. ಸಾಮಾನ್ಯವಾಗಿ ಅಲ್ಲಿಗೆ ಒಂದಿಷ್ಟು ಗಾರೆ ಮೆತ್ತಿ, ಬಣ್ಣ ಬಳಿದು ಕೈತೊಳೆದುಕೊಳ್ಳುತ್ತಾರೆ. ರೋಗ ಮಾತ್ರ ಒಳಗೇ ಉಳಿಯುತ್ತದೆ.

ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಉಂಟಾಗುತ್ತದೆ. ಹಾಗಾಗಿ ಹೊಸ ಕಾಂಕ್ರೀಟಿನ ಪಿಎಚ್ ಮೌಲ್ಯ 12.5ರಿಂದ 13ರಷ್ಟು. ಇಂಥ ಪ್ರಬಲ ಕ್ಷಾರದಲ್ಲಿ ಸರಳಿನ ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆಯೊಂದು ಕಟ್ಟಿಕೊಂಡು ಅದನ್ನು ಕಾಯುತ್ತದೆ. ಆದರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಸೂಕ್ಷ್ಮ ರಂಧ್ರಗಳಲ್ಲಿ ನುಸುಳಿ ಈ ಕ್ಷಾರವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿಸುತ್ತಾ ಹೋಗುತ್ತದೆ. ಪಿಎಚ್ 9ರ ಆಸುಪಾಸಿಗೆ ಇಳಿದರೆ ಪೊರೆ ಉಳಿಯದು. ಕರಾವಳಿಯ ಉಪ್ಪುಗಾಳಿಗಂತೂ ಅಷ್ಟೂ ತಾಳ್ಮೆಯಿಲ್ಲ. ಅದರ ಕ್ಲೋರೈಡ್ ಪೊರೆಯನ್ನು ನೇರವಾಗಿ ಅಲ್ಲಲ್ಲಿ ತೂತು ಮಾಡುತ್ತದೆ.

ಆಮೇಲೆ ತೇವ, ಆಮ್ಲಜನಕ ಸಿಕ್ಕರೆ ಸಾಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಭಾರವನ್ನು ಚೆನ್ನಾಗಿ ಹೊರುವ ಕಾಂಕ್ರೀಟಿಗೆ ಎಳೆತ ತಾಳುವ ಶಕ್ತಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಅದು ಸೀಳುತ್ತದೆ, ಹಲ್ಲೆಹಲ್ಲೆಯಾಗಿ ಕಳಚುತ್ತದೆ. ಕೆಳಗೆ ಮಕ್ಕಳು ಆಡುತ್ತಿರಬಹುದು.

ಪಿಯುಸಿ ಪ್ರಯೋಗಶಾಲೆಯ ಫಿನಾಲ್ಫ್‌ಥಲೀನ್ ನೆನಪಿದೆಯೆ? ಎಂಜಿನಿಯರುಗಳು ಬಳಸುವುದೂ ಅದನ್ನೇ. ಆಗಷ್ಟೇ ಒಡೆದ ಕಾಂಕ್ರೀಟಿನ ಮೈಗೆ ಅದರ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದಲ್ಲಿ ಗುಲಾಬಿ ಬಣ್ಣ ಬರುತ್ತದೆ, ಕಳೆದುಕೊಂಡಲ್ಲಿ ಬರುವುದಿಲ್ಲ. ಬಣ್ಣಗೆಟ್ಟ ಪದರ ಸರಳಿನವರೆಗೆ ತಲುಪಿದ್ದರೆ ಅಪಾಯ ಬಾಗಿಲಿಗೆ ಬಂದಿದೆಯೆಂದೇ ಅರ್ಥ. ಉಪ್ಪಿನ ಅಂಶ ಮಾತ್ರ ಇದರಿಂದ ತಿಳಿಯದು. ಅದಕ್ಕೆ ಬೇರೆ ಪರೀಕ್ಷೆ ಬೇಕು.

ಮನೆ ಕಟ್ಟಿಸುವವರು ಕಬ್ಬಿಣದ ತೂಕವನ್ನು ಲೆಕ್ಕ ಹಾಕುವಷ್ಟು ಅದರ ಹೊದಿಕೆಯನ್ನು ನೋಡುವುದಿಲ್ಲ. 2000ದಲ್ಲಿ ಪರಿಷ್ಕೃತಗೊಂಡ ಭಾರತೀಯ ಮಾನಕ ಐಎಸ್ 456 ಪ್ರಕಾರ ಸರಳಿನ ಹೊರಗಿನ ಕಾಂಕ್ರೀಟ್ ಹೊದಿಕೆ ಸೌಮ್ಯ ಪರಿಸರದಲ್ಲೂ 20 ಮಿಲಿಮೀಟರ್, ಕಂಬಗಳಿಗೆ 40, ಕಡಲಗಾಳಿಗೆ ಒಡ್ಡಿದ ಭಾಗಗಳಿಗೆ 45 ಇರಬೇಕು. ಮೋಲ್ಡ್ ಹಾಕುವ ದಿನ ಕೆಲಸಗಾರರಿಗೆ ಊಟ ಹಾಕಿಸುವ ಸಡಗರದಲ್ಲಿ, ಸರಳಿನ ಕೆಳಗೆ ಕವರ್ ಬ್ಲಾಕ್ ಇದೆಯೋ ಜಲ್ಲಿಕಲ್ಲು ಇದೆಯೋ ಎಂದು ಬಗ್ಗಿ ನೋಡುವವರು ಎಷ್ಟು ಮಂದಿ?

ಈಗಾಗಲೇ ಬಿರುಕು ಬಿಟ್ಟಿದ್ದರೆ ಮೊದಲು ನೀರು ಸೋರುವ ಜಾಗ ಹುಡುಕಿ ನಿಲ್ಲಿಸಬೇಕು. ಸಡಿಲ ಕಾಂಕ್ರೀಟನ್ನು ಸರಳಿನ ಹಿಂಬದಿಯವರೆಗೂ ಕಿತ್ತು, ತುಕ್ಕು ಉಜ್ಜಿ ತೆಗೆದು, ಸವೆದಿದ್ದರೆ ಹೊಸ ಸರಳು ಜೋಡಿಸಿ, ಬಳಿಕವೇ ಗಾರೆ. ತೊಲೆ, ಕಂಬಗಳಲ್ಲಾದರೆ ಸುತ್ತಿಗೆ ಎತ್ತುವ ಮುನ್ನ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ ಆಸರೆ ಕೊಡಿಸಿಕೊಳ್ಳಿ.