ಅಲ್ಲಾಡದ ನಾಲ್ಕು ಲಕ್ಷ, ಜಾರುವ ರೂಪಾಯಿ

ಥಾಯ್ಲೆಂಡಿನ ಹೆಣ್ಣನ್ನು ಮದುವೆಯಾಗಿ ಅಲ್ಲೇ ಮನೆ ಮಾಡಿಕೊಂಡ ಪರದೇಶಿ ಗಂಡನಿಗೆ ವರ್ಷಕ್ಕೊಂದು ಪರೀಕ್ಷೆ ಇದ್ದೇ ಇದೆ. ವಲಸೆ ಕಚೇರಿಗೆ ಹೋಗಿ, 1,900 ಬಾತ್ ಶುಲ್ಕ ಕಟ್ಟಿ, ಇನ್ನೊಂದು ವರ್ಷ ಇರಲು ಅಪ್ಪಣೆ ಕೇಳಬೇಕು. (ಬಾತ್ ಅಲ್ಲಿನ ನಾಣ್ಯ; ನಮ್ಮ ಬಿಸಿಬೇಳೆಗೂ ಅದಕ್ಕೂ ನಂಟಿಲ್ಲ.) ಮದುವೆಯ ನೋಂದಣಿ ಪತ್ರ, ಮನೆಗೆ ಬರುವ ದಾರಿಯ ನಕ್ಷೆ, ಮನೆ ನಂಬರು ಕಾಣುವಂತೆ ಗಂಡ ಹೆಂಡತಿ ಬಾಗಿಲಲ್ಲಿ ನಿಂತ ಫೋಟೊ, ನಡುಮನೆಯಲ್ಲಿ ಕೂತ ಫೋಟೊ, ಹೀಗೆ ಒಂದು ಕಟ್ಟು ಕಾಗದ. ಇದನ್ನು ಜೋಡಿಸುವುದು ತಲೆನೋವು, ಅಷ್ಟೇ. ಅಪಾಯ ಕುಳಿತಿರುವುದು ಅದೇ ಕಟ್ಟಿನಲ್ಲಿರುವ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ.

ನಿಯಮ ಸರಳವಾಗಿದೆ. ಥಾಯ್ ಪೊಲೀಸರ 327/2557 ಸಂಖ್ಯೆಯ ಆದೇಶದ ಪ್ರಕಾರ (ಅಲ್ಲಿನ ಬೌದ್ಧ ಶಕೆ 2557 ಎಂದರೆ ನಮ್ಮ 2014), ಅರ್ಜಿ ಹಾಕುವ ಗಂಡನಿಗೆ ತಿಂಗಳಿಗೆ ಸರಾಸರಿ 40,000 ಬಾತ್ ಆದಾಯವಿರಬೇಕು. ಇಲ್ಲವೇ ಥಾಯ್ಲೆಂಡಿನ ಬ್ಯಾಂಕಿನಲ್ಲಿ ಹಿಂದಿನ ಎರಡು ತಿಂಗಳು 4,00,000 ಬಾತ್‌ಗೆ ಕಡಿಮೆಯಾಗದಂತೆ ಹಣ ಇಟ್ಟಿರಬೇಕು. ಥಾಯ್ ಗಂಡಸನ್ನು ಮದುವೆಯಾದ ವಿದೇಶಿ ಹೆಂಗಸಿನ ಮೇಲೆ ಈ ಷರತ್ತು ಹೇರಿಲ್ಲ. ಸಂಸಾರ ಸಾಕುವವನು ಗಂಡನೇ ಎಂಬ ಹಳೆಯ ನಂಬಿಕೆ ಪೊಲೀಸ್ ಆದೇಶದೊಳಗೂ ನುಸುಳಿದೆ.

2014ರ ಆದೇಶಕ್ಕೂ ಮುಂಚಿನಿಂದಲೇ ಇದ್ದ ಈ ನಾಲ್ಕು ಲಕ್ಷ ಇಂದಿಗೂ ನಾಲ್ಕು ಲಕ್ಷವೇ. ಹೀಗಾಗಿ ಷರತ್ತು ಬಿಗಿಯಾಗಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಬಾತ್‌ನಲ್ಲಿ ದುಡಿಯುವವನಿಗೆ ಆ ಸಮಾಧಾನ ಸಲ್ಲುತ್ತದೆ. ರೂಪಾಯಿಯಲ್ಲೋ ಪೌಂಡಿನಲ್ಲೋ ಹಣ ತರಿಸಿಕೊಳ್ಳುವವನಿಗೆ ಸಲ್ಲುವುದಿಲ್ಲ. ಅಳೆಯುವ ಕೊಳಗ ಅದೇ ಇದೆ, ನಮ್ಮ ಕಾಳು ಕುಗ್ಗುತ್ತಿದೆ.

ಲೆಕ್ಕ ಹಾಕಿ ನೋಡೋಣ. 2010ರಲ್ಲಿ ಡಾಲರ್‌ಗೆ ಸುಮಾರು 46 ರೂಪಾಯಿ, ಸುಮಾರು 32 ಬಾತ್. ಅಂದರೆ ಒಂದು ಬಾತ್‌ಗೆ ಹತ್ತಿರ ಹತ್ತಿರ 1.45 ರೂಪಾಯಿ. ನಾಲ್ಕು ಲಕ್ಷ ಬಾತ್ ಹೊಂದಿಸಲು ಆಗ 5.8 ಲಕ್ಷ ರೂಪಾಯಿ ಸಾಕಿತ್ತು. 2025ರ ಉತ್ತರಾರ್ಧದಲ್ಲಿ ಅದೇ ಬಾತ್‌ಗೆ ಸುಮಾರು 2.7 ರೂಪಾಯಿ. ಬೇಕಾದದ್ದು 10.8 ಲಕ್ಷ. ತಿಂಗಳ ಆದಾಯದ ದಾರಿ ಹಿಡಿದವನಿಗೆ 58,000 ರೂಪಾಯಿ ಇದ್ದದ್ದು 1,08,000 ಆಗಿದೆ. ಮೊತ್ತದ ಒಂದು ಅಂಕಿಯೂ ಬದಲಾಗದೆ ಹೊರೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ವರ್ಷಕ್ಕೆ ಹಂಚಿದರೆ ಇದು ಶೇಕಡಾ 4.2ರಷ್ಟು ಏರಿಕೆ, ಚಕ್ರಬಡ್ಡಿಯ ರೀತಿಯಲ್ಲಿ. ಇದೇ ನಡಿಗೆ ಇನ್ನು ಹತ್ತು ವರ್ಷ ಮುಂದುವರಿದರೆ ಬಾತ್‌ಗೆ ನಾಲ್ಕು ರೂಪಾಯಿ ದಾಟುತ್ತದೆ, ಪಾಸ್‌ಬುಕ್ಕಿಗೆ 16 ಲಕ್ಷಕ್ಕಿಂತ ಹೆಚ್ಚು ಬೇಕಾಗುತ್ತದೆ.

ಇದು ಭವಿಷ್ಯವಾಣಿಯಲ್ಲ, ಗುಣಾಕಾರ. ನಾಣ್ಯಗಳು ಗೆರೆ ಎಳೆದಂತೆ ನಡೆಯುವುದಿಲ್ಲ ಎಂಬುದಕ್ಕೆ ಥಾಯ್ಲೆಂಡೇ ಸಾಕ್ಷಿ. 1997ರ ಜುಲೈ 2ರಂದು ಅಲ್ಲಿನ ಸರ್ಕಾರ ಬಾತ್‌ನ ಕಟ್ಟು ಬಿಚ್ಚಿತು. ಡಾಲರ್‌ಗೆ 25ರ ಆಸುಪಾಸು ಇದ್ದದ್ದು 1998ರ ಜನವರಿಯ ಹೊತ್ತಿಗೆ 50 ದಾಟಿತ್ತು. ಆ ದಿನಗಳಲ್ಲಿ ಒಂದು ಬಾತ್ ಕೊಳ್ಳಲು ಒಂದು ರೂಪಾಯಿಯೂ ಬೇಕಿರಲಿಲ್ಲ. ಇನ್ನೊಮ್ಮೆ ಹಾಗಾಗಬಹುದು. ಆದರೆ ಇರುವ ದೇಶ ದಿವಾಳಿಯ ಅಂಚಿಗೆ ಬರಲಿ, ನನ್ನ ವೀಸಾ ಸಲೀಸಾಗಲಿ ಎಂದು ಕಾಯುವುದು ಯೋಜನೆ ಅನ್ನಿಸಿಕೊಳ್ಳುವುದಿಲ್ಲ.

ಇಲ್ಲಿ ಒಂದು ತರ್ಕ ಸಾಮಾನ್ಯವಾಗಿ ಎದುರಾಗುತ್ತದೆ. ಥಾಯ್ ಉಳಿತಾಯ ಖಾತೆಯ ಬಡ್ಡಿ ಶೇಕಡಾ ಒಂದಕ್ಕೂ ಮುಟ್ಟುವುದಿಲ್ಲ, ಅದೇ ಹಣ ಊರಿನ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರೆ ಆರೂವರೆ ಸಿಗುತ್ತದೆ, ಬೇಕಾದಾಗ ತರಿಸಿಕೊಂಡರಾಯಿತು. ಕೇಳಲು ಜಾಣತನ. ಆದರೆ ಆರೂವರೆಯಲ್ಲಿ ನಾಲ್ಕಕ್ಕೂ ಮಿಕ್ಕಿದ ಪಾಲನ್ನು ವಿನಿಮಯ ದರವೇ ನುಂಗಿದೆ. ಉಳಿದ ಎರಡರಲ್ಲಿ ಬಡ್ಡಿಯ ಮೇಲಿನ ತೆರಿಗೆ ಒಂದಿಷ್ಟು, ಹಣ ಕಳಿಸುವ ಶುಲ್ಕ ಒಂದಿಷ್ಟು. ಕೈಗೆ ಉಳಿಯುವುದು ಚಿಲ್ಲರೆ. ಅದಕ್ಕಾಗಿ ಹೊತ್ತುಕೊಳ್ಳುವ ಆತಂಕ ದೊಡ್ಡದು. ಭಾರತದಲ್ಲಿ ನಿವಾಸಿಯಾಗಿದ್ದುಕೊಂಡೇ, ಅಂದರೆ ಹೊರಡುವ ಮುಂಚೆ, ಒಮ್ಮೆಲೇ ಹಣ ಕಳಿಸುವವರಿಗೆ ಇನ್ನೊಂದು ಸಣ್ಣ ಗಂಟು: 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಇಂಥ ರವಾನೆಯ ಮೇಲೆ, ಮೀರಿದ ಭಾಗಕ್ಕೆ ಶೇಕಡಾ 20ರ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತಾರೆ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದು ಹೊಂದಾಣಿಕೆಯಾಗುತ್ತದೆ, ನಿಜ. ಆದರೂ 2010ರಲ್ಲಿ ಈ ಗೆರೆಯಿಂದ ಬಹುದೂರ ಇದ್ದ ನಾಲ್ಕು ಲಕ್ಷ ಬಾತ್ ಈಗ ಗೆರೆ ದಾಟಿ ನಿಂತಿದೆ.

ನಮಗಿಂತ ಮೊದಲೇ ಈ ನೀರಿಗೆ ಇಳಿದು ಕುತ್ತಿಗೆಯವರೆಗೆ ಮುಳುಗಿದವರು ಬ್ರಿಟಿಷ್ ಪಿಂಚಣಿದಾರರು. 2007ರಲ್ಲಿ ಒಂದು ಪೌಂಡಿಗೆ 60 ಬಾತ್‌ಗಿಂತ ಹೆಚ್ಚು ಸಿಗುತ್ತಿತ್ತು. 2025ರಲ್ಲಿ 43ರ ಸುತ್ತಮುತ್ತ. ಇಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಬ್ರಿಟನ್ ಸರ್ಕಾರ ಥಾಯ್ಲೆಂಡಿನಲ್ಲಿ ನೆಲೆಸಿದವರ ಸರ್ಕಾರಿ ಪಿಂಚಣಿಯನ್ನು ವರ್ಷ ವರ್ಷ ಏರಿಸುವುದಿಲ್ಲ. ಮೊದಲ ದಿನ ಎಷ್ಟಿತ್ತೋ ಅಷ್ಟಕ್ಕೇ ಹೆಪ್ಪುಗಟ್ಟಿಸುತ್ತದೆ. 2016ರಲ್ಲಿ ಪೂರ್ತಿ ಹೊಸ ಪಿಂಚಣಿ ಪಡೆದು ಅಲ್ಲಿ ನೆಲೆಸಿದವನಿಗೆ ವಾರಕ್ಕೆ 155.65 ಪೌಂಡ್. ತಿಂಗಳಿಗೆ ಲೆಕ್ಕ ಹಾಕಿದರೆ 2025ರ ದರದಲ್ಲಿ 29,000 ಬಾತ್. ಕೇಳುವುದು 40,000. ಅಂದೂ ಪೂರ್ತಿ ಸಾಲುತ್ತಿರಲಿಲ್ಲ, ಈಗ ಕಂದಕ ಅಗಲವಾಗಿದೆ. ವಯಸ್ಸು ಮಾತ್ರ ಹತ್ತಿರ ಹತ್ತು ವರ್ಷ ಹೆಚ್ಚಾಗಿದೆ. ಏರದ ಆದಾಯ, ಏರುವ ನಾಣ್ಯ, ಏರುವ ವಯಸ್ಸು: ಈ ಮೂರೂ ಕೂಡಿದಾಗ ಏನಾಗುತ್ತದೆಂದು ತಿಳಿಯಲು ಬೇರೆ ಪ್ರಯೋಗಶಾಲೆ ಬೇಡ. ಮನೆ ಬಾಡಿಗೆ ನಂಬಿ ಹೊರಟ ಮೈಸೂರಿನವನಿಗೂ, ಎಫ್‌ಡಿ ಬಡ್ಡಿ ನಂಬಿದ ಹುಬ್ಬಳ್ಳಿಯವನಿಗೂ ಇದೇ ಸಮೀಕರಣ.

ಆದಾಯದ ದಾರಿಗೆ ಇನ್ನೂ ಒಂದು ಕುಂದಿದೆ. ಮುಂಚೆ ರಾಯಭಾರ ಕಚೇರಿ ಕೊಡುವ ಒಂದು ಪತ್ರ ಸಾಕಾಗುತ್ತಿತ್ತು. 2019ರ ಆರಂಭದಿಂದ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯದ ರಾಯಭಾರ ಕಚೇರಿಗಳು ಆ ಪತ್ರ ಕೊಡುವುದನ್ನೇ ನಿಲ್ಲಿಸಿದವು. ಆ ದೇಶಗಳವರೀಗ ಹನ್ನೆರಡು ತಿಂಗಳೂ ಹೊರದೇಶದಿಂದ ಹಣ ಬಂದದ್ದನ್ನು ಬ್ಯಾಂಕ್ ದಾಖಲೆಯಲ್ಲಿ ತೋರಿಸಬೇಕು. ಒಂದು ತಿಂಗಳು 39,600 ಬಂದು ಬಿದ್ದರೆ ವಾದ ಶುರು. ಅದರ ಬೆನ್ನಿಗೇ ತೆರಿಗೆ ಇಲಾಖೆ ಬಂದಿದೆ: ವರ್ಷಕ್ಕೆ 180 ದಿನ ಅಲ್ಲಿದ್ದವನು 2024ರ ಜನವರಿ 1ರಿಂದ ಈಚೆಗೆ ಹೊರಗೆ ಗಳಿಸಿದ್ದನ್ನು ಯಾವ ವರ್ಷ ಒಳಗೆ ತಂದರೂ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಅದಕ್ಕೂ ಹಿಂದಿನ ಉಳಿತಾಯಕ್ಕೆ ಇದು ತಗಲುವುದಿಲ್ಲ. ವಿನಾಯಿತಿಗಳನ್ನು ಕಳೆದರೆ ತಿಂಗಳಿಗೆ 40,000 ತರಿಸುವ ಪಿಂಚಣಿದಾರನಿಗೆ ಬೀಳುವ ತೆರಿಗೆಯೂ ದೊಡ್ಡದಲ್ಲ. ಆದರೆ ವಲಸೆ ಕಚೇರಿಗೆ ಆದಾಯವೆಂದು ತೋರಿಸಿದ ಹಣವನ್ನೇ ತೆರಿಗೆ ಕಚೇರಿಗೆ ಬೇರೇನೋ ಎಂದು ಹೇಳಲು ಬರುವುದಿಲ್ಲ.

ಹಾಗಾದರೆ ಅಲ್ಲೇ ದುಡಿದರೆ? ಕೆಲಸದ ಪರವಾನಗಿ ಇಲ್ಲದೆ ಹೆಂಡತಿಯ ಅಂಗಡಿಯ ಗಲ್ಲಾದಲ್ಲಿ ಕೂತರೂ ತಪ್ಪೇ. 5,000ದಿಂದ 50,000 ಬಾತ್‌ವರೆಗೆ ದಂಡ. ಹೆಂಡತಿಯ ಗಳಿಕೆ ನೆರವಾಗುವುದೂ ಕಷ್ಟ. 2025ರಲ್ಲಿ ಬ್ಯಾಂಕಾಕಿನ ಕನಿಷ್ಠ ದಿನಗೂಲಿಯೇ 400 ಬಾತ್. ಅರವತ್ತು ದಾಟಿದ ಥಾಯ್ ಪ್ರಜೆಗೆ ಸರ್ಕಾರ ಕೊಡುವ ವೃದ್ಧಾಪ್ಯ ವೇತನ ತಿಂಗಳಿಗೆ 600 ಬಾತ್, ತೊಂಬತ್ತು ದಾಟಿದರೆ 1,000. ಅದೇ ಸೂರಿನಡಿಯ ಮುದುಕನಿಂದ ಅದೇ ಸರ್ಕಾರ 40,000 ನಿರೀಕ್ಷಿಸುತ್ತದೆ.

ಠೇವಣಿಯ ದಾರಿಯಲ್ಲಿ ಹಣ ವರ್ಷವಿಡೀ ಮಲಗಿರಬೇಕೆಂದಿಲ್ಲ; ವಿಸ್ತರಣೆ ಸಿಕ್ಕ ಮೇಲೆ ಖರ್ಚು ಮಾಡಬಹುದು. ಈ ಸಡಿಲವೇ ಬಲೆ. ಏಪ್ರಿಲ್‌ನಲ್ಲಿ ಅಳಿಯನಿಗೆ ಪಿಕಪ್ ಕೊಡಿಸಿದ್ದು, ಮಳೆಗಾಲದಲ್ಲಿ ಮಾಡು ರಿಪೇರಿ ಮಾಡಿಸಿದ್ದು, ಎಲ್ಲ ಅದರಿಂದಲೇ ಹೋಗುತ್ತದೆ. ಮುಂದಿನ ಅರ್ಜಿಗೆ ಎರಡು ತಿಂಗಳ ಮುಂಚೆ ಕೆರೆ ಮತ್ತೆ ತುಂಬಿರಬೇಕು, ಅದೂ ಅವತ್ತಿನ ದರದಲ್ಲಿ ರೂಪಾಯಿ ಕೊಟ್ಟು. ಒಂದು ಆಸ್ಪತ್ರೆಯ ಬಿಲ್ಲು ಸಾಕು ಕೆರೆ ಬತ್ತಲು. ಥಾಯ್ ಪ್ರಜೆಗಳ ಸಾರ್ವಜನಿಕ ಆರೋಗ್ಯ ಯೋಜನೆ ವಿದೇಶಿ ಗಂಡನಿಗೆ ಅನ್ವಯಿಸುವುದಿಲ್ಲ. ಖಾಸಗಿ ವಿಮೆಯ ಕಂತು ವಯಸ್ಸಾದಷ್ಟೂ ಏರುತ್ತದೆ. ಹೀಗಾಗಿ ವಿಮೆ ಬಿಟ್ಟವರು ಈ ನಾಲ್ಕು ಲಕ್ಷವನ್ನೇ ವಿಮೆ ಎಂದುಕೊಂಡಿರುತ್ತಾರೆ. ಒಂದೇ ಹಣಕ್ಕೆ ಎರಡು ಕೆಲಸ ಹಚ್ಚಿದಂತಾಯಿತು. ಎರಡೂ ಒಟ್ಟಿಗೆ ಬರುವ ವರ್ಷ ಒಂದು ಕೆಲಸ ನಿಲ್ಲಲೇಬೇಕು.

ಆಗ ಕಾಣಿಸಿಕೊಳ್ಳುವವನು ಏಜೆಂಟ್. ಅಷ್ಟು ಹಣವನ್ನು ನಿಮ್ಮ ಖಾತೆಯಲ್ಲಿ ಕೆಲಕಾಲ ಕೂರಿಸಿ, ಕಮಿಷನ್ ಹಿಡಿದು, ವಾಪಸ್ ತೆಗೆದುಕೊಳ್ಳುತ್ತಾನೆ. ಇದನ್ನು ‘ಎಲ್ಲರೂ ಮಾಡುವ’ ವ್ಯವಸ್ಥೆ ಎಂದು ಹಗುರವಾಗಿ ಒಪ್ಪಿಕೊಳ್ಳುವವರಿಗೆ ನನ್ನ ಉತ್ತರ ಒಂದೇ: ಸುಳ್ಳು ದಾಖಲೆಯ ಮೇಲೆ ಪಡೆದ ಅನುಮತಿಯ ಕೆಳಗೆ ಸಹಿ ಇರುವುದು ನಿಮ್ಮದು, ಅವನದಲ್ಲ. ಅನುಮತಿ ತಪ್ಪಿಯೂ ಉಳಿದವನಿಗೆ ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000. ಹಣಕ್ಕಿಂತ ಕಠಿಣವಾದದ್ದು 2016ರ ಮಾರ್ಚ್‌ನಿಂದ ಜಾರಿಯಲ್ಲಿರುವ ನಿಷೇಧ: 90 ದಿನ ಮೀರಿ ಉಳಿದು ತಾನಾಗಿ ಹೊರಟವನಿಗೆ ಒಂದು ವರ್ಷ, ಒಂದು ವರ್ಷ ಮೀರಿದವನಿಗೆ ಮೂರು ವರ್ಷ ಪ್ರವೇಶವಿಲ್ಲ. ಸಿಕ್ಕಿಬಿದ್ದರಂತೂ ಕನಿಷ್ಠ ಐದು ವರ್ಷ. ಎಪ್ಪತ್ತರ ಹರೆಯದಲ್ಲಿ ಹೆಂಡತಿಯಿಂದ ಐದು ವರ್ಷ ದೂರ ಎಂದರೆ ಏನು ಎಂದು ವಿವರಿಸಬೇಕಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇದ್ಯಾವುದೂ ಅಲ್ಲ. ಹೆಂಡತಿ ಮೊದಲು ತೀರಿಹೋದರೆ? ಮದುವೆಯ ಆಧಾರದ ಮೇಲೆ ಮುಂದಿನ ವಿಸ್ತರಣೆ ಇಲ್ಲ. ಐವತ್ತು ದಾಟಿದ್ದರೆ ನಿವೃತ್ತಿಯ ಆಧಾರ ಹಿಡಿಯಬಹುದು; ಅದಕ್ಕೆ ಠೇವಣಿ 8,00,000 ಬಾತ್ ಅಥವಾ ತಿಂಗಳಿಗೆ 65,000. ಠೇವಣಿಯೇ 2025ರ ದರದಲ್ಲಿ 21.6 ಲಕ್ಷ ರೂಪಾಯಿ. 2019ರ ತಿದ್ದುಪಡಿಯಿಂದ ಈ ಠೇವಣಿ ಅನುಮತಿಯ ನಂತರವೂ ಮೂರು ತಿಂಗಳು ಕದಲುವಂತಿಲ್ಲ, ಆಮೇಲೂ ನಾಲ್ಕು ಲಕ್ಷದ ಕೆಳಗೆ ಇಳಿಯುವಂತಿಲ್ಲ. ಮನೆ ಕಟ್ಟಿದ ನೆಲ ಹೆಂಡತಿಯ ಹೆಸರಿನಲ್ಲಿರುತ್ತದೆ, ಏಕೆಂದರೆ ವಿದೇಶಿಯರು ಅಲ್ಲಿ ನೆಲದ ಒಡೆಯರಾಗುವಂತಿಲ್ಲ. ವಾರಸುದಾರನಾಗಿ ಬಂದರೂ ಸಾಮಾನ್ಯವಾಗಿ ವರ್ಷದೊಳಗೆ ಮಾರಬೇಕು. ಸೂತಕ ಕಳೆಯುವ ಮೊದಲೇ ಠೇವಣಿ ಇಮ್ಮಡಿ, ಮನೆ ಡೋಲಾಯಮಾನ. ಗಂಡನೇ ಮೊದಲು ಹೋದರೆ ಪೆಟ್ಟು ಅವಳಿಗೆ: ಅವನೊಬ್ಬನ ಹೆಸರಿನ ಖಾತೆಯಿಂದ ಹಣ ಪಡೆಯಲು ನ್ಯಾಯಾಲಯ ಆಸ್ತಿಯ ನಿರ್ವಾಹಕರನ್ನು ನೇಮಿಸುವವರೆಗೆ ಕಾಯಬೇಕು. ಥಾಯ್ ಭಾಷೆಯಲ್ಲೊಂದು ವಿಲ್ ಬರೆಸಿಟ್ಟರೆ ಆ ದಾರಿ ಸ್ವಲ್ಪ ಹಗುರ.

ನಲವತ್ತರ ಆಸುಪಾಸಿನಲ್ಲಿದ್ದು ಇನ್ನೂ ದುಡಿಯುತ್ತಿರುವವರಿಗೆ ಕಾಲವಿದೆ. ಬಾತ್ ಅಗ್ಗವಾದಾಗ ನೋಡೋಣ ಎನ್ನದೆ ವರ್ಷ ವರ್ಷ ಒಂದಿಷ್ಟು ಕಳಿಸಿ, ನಾಲ್ಕು ಲಕ್ಷಕ್ಕೆ ಐವತ್ತು ಸಾವಿರ ಮೇಲಿಟ್ಟು, ಎಟಿಎಂ ಕಾರ್ಡೇ ಇಲ್ಲದ ಬೇರೆ ಖಾತೆಯಲ್ಲಿ ಮರೆತುಬಿಡುವುದು. ಆಸ್ಪತ್ರೆಗೆ ಬೇರೆ ಗಂಟು. ಐವತ್ತು ತುಂಬುವ ಹೊತ್ತಿಗೆ ಗುರಿ ಎಂಟು ಲಕ್ಷ, ಹೆಂಡತಿ ಗಟ್ಟಿಮುಟ್ಟಾಗಿದ್ದಾಗಲೇ. ಪ್ರತಿ ರವಾನೆಯ ಚೀಟಿಯನ್ನೂ ಫೈಲು ಮಾಡಿ.

ದಿನಗಳನ್ನು ಹಿಂದಿನಿಂದ ಎಣಿಸಬೇಕು. ಅನುಮತಿ ಮಾರ್ಚ್ 10ಕ್ಕೆ ಮುಗಿಯುವುದಾದರೆ, ಒಂದು ತಿಂಗಳ ಮುಂಚೆ ಫೆಬ್ರುವರಿ 10ಕ್ಕೆ ಅರ್ಜಿ. ಅದಕ್ಕೂ ಎರಡು ತಿಂಗಳ ಹಿಂದೆ, ಡಿಸೆಂಬರ್ 10ರೊಳಗೆ, ಹಣ ಖಾತೆಯಲ್ಲಿರಬೇಕು. ದಾರಿಯಲ್ಲಿ ಶುಲ್ಕ ಮುರಿದು ಕೊರತೆ ಬಿದ್ದರೆ ತುಂಬಲು ಸಮಯವಿರುವಂತೆ ನವೆಂಬರ್ ಮಧ್ಯದಲ್ಲೇ ಕಳಿಸುವುದು ಕ್ಷೇಮ. ಅರ್ಜಿಯ ದಿನ ಬೆಳಿಗ್ಗೆ ನೂರು ಬಾತ್ ಜಮಾ ಮಾಡಿ ಪಾಸ್‌ಬುಕ್ಕಿನಲ್ಲಿ ಅಂದಿನ ತಾರೀಕಿನ ಸಾಲು ಅಚ್ಚಾಗುವಂತೆ ನೋಡಿಕೊಂಡು, ಬ್ಯಾಂಕಿನ ಪತ್ರ ಪಡೆದು, ಅಲ್ಲಿಂದ ನೇರವಾಗಿ ವಲಸೆ ಕಚೇರಿಗೆ, ಹೆಂಡತಿಯೊಡನೆ.