ಬಾವುಟದ ಡಬ್ಬಿಯ ಹಣ ಯಾರಿಗೆ?



ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದುಬಂದ ಪದ್ಧತಿ. ನಾವೂ ಹತ್ತು ರೂಪಾಯಿ ಹಾಕಿ ಪುಟ್ಟ ಬಾವುಟವನ್ನು ಸೆರಗಿಗೆ ಚುಚ್ಚಿಕೊಳ್ತೇವೆ. ಆ ಹಣ ಎಲ್ಲಿಗೆ ಹೋಗುತ್ತೆ ಅಂತ ಕೇಳುವವರು ಕಮ್ಮಿ.

ಮಿಲಿಟ್ರಿಗೆ ಹೋದವರಿಗೆಲ್ಲ ಪಿಂಚಣಿ ಇದೆ ಎಂದೇ ನಮ್ಮ ಊರುಗಳಲ್ಲಿ ಮಾತು. ಹಾಗಿಲ್ಲ. ಜವಾನರಿಗೆ ಸಾಮಾನ್ಯವಾಗಿ 15 ವರ್ಷ ಸೇವೆ ತುಂಬಿರಬೇಕು. ಮೊದಲೇ ಬಿಟ್ಟುಬಂದವರ ಹೆಂಡತಿ ಗಂಡ ಸತ್ತ ಮೇಲೆ ಬರಿಗೈಯಲ್ಲಿ ಉಳಿಯುತ್ತಾಳೆ. ಅಂಥವಳಿಗೆ ಈ ನಿಧಿಯಿಂದ ನೆರವು ಇದೆ. ಗಂಡ ಹವಾಲ್ದಾರ್ ದರ್ಜೆಯೊಳಗಿದ್ದು, ಆಕೆಗೆ 65 ದಾಟಿ, ಬೇರೆ ಆದಾಯವಿಲ್ಲದಿದ್ದರೆ ತಿಂಗಳಿಗೆ 8,000 ರೂ. 2025ರ ನವೆಂಬರ್ 1ರಿಂದ ಹಾಕಿದ ಅರ್ಜಿಗಳಿಗೆ ಈ ಮೊತ್ತ. ಮುಂಚೆ 4,000 ಇತ್ತು. ಇಬ್ಬರು ಮಕ್ಕಳ ಓದಿಗೆ ತಲಾ 2,000, ಮಗಳ ಮದುವೆಗೆ ಒಂದು ಲಕ್ಷ. ವಿಧವೆಯ ಮರುಮದುವೆಗೂ ಅಷ್ಟೇ ಕೊಡ್ತಾರೆ. ನಮಗೆ ಬಹಳ ಹಿಡಿಸಿದ್ದು ಇದು.

ಮನೆಬಾಗಿಲಿಗೆ ಯಾರೂ ತಂದುಕೊಡಲ್ಲ. ಗಂಡನ ಡಿಸ್ಚಾರ್ಜ್ ಪುಸ್ತಕ, ವಿಧವೆಯ ಗುರುತಿನ ಚೀಟಿ ಬೇಕು. ಎಷ್ಟೋ ಮನೆಗಳಲ್ಲಿ ಆ ಪುಸ್ತಕ ಟ್ರಂಕಿನ ತಳದಲ್ಲೇ ಇರುತ್ತೆ, ಮೊದಲು ಅದನ್ನು ಹುಡುಕಿಸಿ. ಆಮೇಲೆ ನಿಮ್ಮ ಜಿಲ್ಲೆಗೆ ಸಂಬಂಧಪಟ್ಟ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋಗಿ. ಅರ್ಜಿ ಆನ್‌ಲೈನ್. ಸಂಘದಲ್ಲಿ ಓದುಬರಹ ಬಲ್ಲ ಒಬ್ಬರು ಆ ಅಕ್ಕನ ಜೊತೆಗಿರಲಿ.